ರೂವಾರಿಗಳ ಸ್ವಭಾವಭೇದ

ಸಮಾಜಕಾರ್ಯ ಕಲಿಯುವ ವಿದ್ಯಾರ್ಥಿಗಳನ್ನು ಊರುಕೇರಿಗಳಿಗೆ ಕಳುಹಿಸಿ ಅವರ ಕೆಲಸವನ್ನು ತಿದ್ದುವ ಅಧ್ಯಾಪಕರಲ್ಲಿ, ವಿದ್ಯಾರ್ಥಿಯ ವ್ಯಕ್ತಿತ್ವ ಯಾವ ಬಗೆಯದೆಂದು ಮೊದಲೇ ಗುರುತಿಸಿಕೊಳ್ಳಬೇಕೆನ್ನುವವರಿದ್ದಾರೆ. ಈ ವಿಂಗಡಣೆಯ ಬೇರು 1921ರಲ್ಲಿ ಪ್ರಕಟವಾದ ಯೂಂಗನ ಗ್ರಂಥದಲ್ಲಿದೆ. ಅಂತರ್ಮುಖಿ, ಬಹಿರ್ಮುಖಿ ಎಂಬ ಕಲ್ಪನೆಗಳು ಬಳಕೆಗೆ ಬಂದದ್ದು ಆತನಿಂದಲೇ. 1938ರಲ್ಲಿ ಭಾರತದಲ್ಲಿದ್ದ ಯೂಂಗ್, ಮೈಸೂರು ಮಹಾರಾಜರ ಗುರುಗಳಾದ ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ನಡೆಸಿದ ಸಂವಾದವನ್ನು ತನ್ನ ಆತ್ಮಕಥನದಲ್ಲಿ ನೆನೆದಿದ್ದಾನೆ.

ಆದರೆ ಈ ಪ್ರಶ್ನೆ ಎದುರಾದಾಗಲೆಲ್ಲ ನನ್ನ ಮನಸ್ಸು ಹೊರಳುವುದು ಹಾಸನ ಸೀಮೆಯ ಕಲ್ಲುಗಳ ಕಡೆಗೆ. ಜಕಣಾಚಾರಿಯ ವಿಗ್ರಹದಲ್ಲಿ ಡಂಕಣ ದೋಷ ತೋರಿಸಿದ, ಕಪ್ಪೆ ಹೊರಬಿತ್ತು, ಹಿರಿಯ ತನ್ನ ಬಲಗೈಯನ್ನೇ ಕತ್ತರಿಸಿಕೊಂಡ ಎಂಬ ಕಥೆಯನ್ನು ಬೇಲೂರಿಗೆ ಹೋದವರೆಲ್ಲ ಕೇಳಿಯೇ ಇರುತ್ತಾರೆ. ಶಾಸನಗಳಲ್ಲಿ ಜಕಣನ ಹೆಸರಿಲ್ಲ. ಇರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯಲ್ಲಿ ತಂದೆಯೂ ಮಗನೂ ಬೇರೆಬೇರೆ ವಿಗ್ರಹಗಳ ಕೆಳಗೆ ತಂತಮ್ಮ ಹೆಸರನ್ನು ಕೊರೆದಿದ್ದಾರೆ. ಕಲಿಸಿದವನ ನೆರಳಲ್ಲೇ ಕಲಿತವನು ತನ್ನ ಹೆಸರಿಡಬಹುದಾಗಿತ್ತು! ಕಥೆಗಿಂತ ಈ ಸಂಗತಿ ನನಗೆ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ಎಲ್ಲೆಡೆಯೂ ಮನಬಂದಂತೆ ಕೆತ್ತುವ ಸ್ವಾತಂತ್ರ್ಯವಿತ್ತೆಂದಲ್ಲ. ಅರಸೀಕೆರೆಯಲ್ಲಿ 1220ರ ಸುಮಾರಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನು ನೋಡಿ. ಅಲ್ಲಿ ಒಂದು ಕೋನ ತಪ್ಪಿದರೆ ಮುಂದಿನದೂ ತಪ್ಪುತ್ತದೆ. ಅಂತರ್ಮುಖಿಯಾದರೇನು, ಬಹಿರ್ಮುಖಿಯಾದರೇನು, ನೂಲು ಹಿಡಿದ ಅಳತೆಗೆ ಎಲ್ಲರೂ ಬಗ್ಗಲೇಬೇಕು. ಹಳೇಬೀಡಿನ ಹೊಯ್ಸಳೇಶ್ವರದ ತಳಪಟ್ಟಿಕೆಯಲ್ಲಿ ಆನೆಗಳ ಎತ್ತರ ಒಂದೇ. ಸೊಂಡಿಲ ಬಾಗು, ಹೆಜ್ಜೆಯ ಭಂಗಿ ಮಾತ್ರ ಬೇರೆಬೇರೆ. ಪಟ್ಟಿಕೆಯ ಅಂಚಿನೊಳಗೆ ಪ್ರತಿ ಕೈಗೂ ಎಡೆಯಿತ್ತು.

ಬಗೆಯ ಹೆಸರಿನಲ್ಲಿ ಒಂದು ಅಪಾಯವೂ ಉಂಟು. 'ಈ ಹುಡುಗಿ ಮೌನಿ, ದಾಖಲೆ ಬರೆಯಲಿ. ಈ ಹುಡುಗ ಮಾತುಗಾರ, ಸಭೆ ನಡೆಸಲಿ' ಎಂದು ತೀರ್ಮಾನಿಸಿದ ಗುರು, ಅಲ್ಲಿಂದಾಚೆಗೆ ಅವರನ್ನು ನೋಡುವುದನ್ನೇ ಬಿಟ್ಟುಬಿಡುತ್ತಾನೆ. ಆ ಹುಡುಗಿ ಎಂದೂ ಸಭೆಯಲ್ಲಿ ನಿಲ್ಲದೆಯೇ ಪದವಿ ಪಡೆಯುತ್ತಾಳೆ.

ಬೊಮ್ಮಣ್ಣ ದಂಡನಾಯಕ 1246ರಲ್ಲಿ ನುಗ್ಗೇಹಳ್ಳಿಯಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇಗುಲದ ದಕ್ಷಿಣದ ಗೋಡೆ ನಂದಿಯ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಮಲ್ಲಿತಮ್ಮ 1196ರ ಅಮೃತಾಪುರದಿಂದ 1268ರ ಸೋಮನಾಥಪುರದವರೆಗೆ ಉಳಿ ಹಿಡಿದ ರೂವಾರಿ. ಬೈಚೋಜನ ಮೂರ್ತಿಗಳಲ್ಲಿ ನನಗೆ ಸಂಯಮ ಕಾಣುತ್ತದೆ, ಮಲ್ಲಿತಮ್ಮನವುಗಳಲ್ಲಿ ಹುರುಪು. ಒಂದು ಗೋಡೆಯನ್ನು ಇನ್ನೊಂದರ ಹದಕ್ಕೆ ತಂದು ಸರಿಗಟ್ಟಿದ ಗುರುತು ಅಲ್ಲೆಲ್ಲೂ ಇಲ್ಲ.