ಬಳ್ಳಾರಿಯಲ್ಲಿ ತಂಗಿದ ಅಂಚೆ ವಿಮಾನ

ಎರಡು ವಿಮಾನ ನಿಲ್ದಾಣಗಳ ನಡುವಣ ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಕಾಲ ದೊರೆಯುತ್ತದೆ. ಇದು ಪ್ರೌಢಶಾಲೆಯ ಲೆಕ್ಕ. ಆದರೆ ವಿಮಾನ ನಿಜವಾಗಿ ತೆಗೆದುಕೊಳ್ಳುವ ಕಾಲ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಆ ಹೆಚ್ಚಿನ ಕಾಲ ಎಲ್ಲಿ ಹೋಯಿತು? ನಮ್ಮ ಬಳ್ಳಾರಿಯ ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ.

1929ರಲ್ಲಿ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಕರಾಚಿಗೆ ವಿಮಾನ ಸಂಚಾರ ಆರಂಭಿಸಿತು. ಅಲ್ಲಿಗೆ ಬಂದ ಅಂಚೆಯನ್ನು ದಕ್ಷಿಣಕ್ಕೆ ಸಾಗಿಸುವ ಹೊಣೆಯನ್ನು ಟಾಟಾ ಸಂಸ್ಥೆ ವಹಿಸಿಕೊಂಡಿತು. 1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಟಾಟಾ ಅವರು ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಳಿದು, ಮಧ್ಯಾಹ್ನ ಎರಡರ ಸುಮಾರಿಗೆ ಮುಂಬಯಿಯ ಜುಹು ತಲುಪಿದರು. ಮುಂದಿನ ಹಾದಿ ನೆವಿಲ್ ವಿನ್ಸೆಂಟ್ ಅವರದು. ಅವರು ಆ ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದ್ರಾಸು ಸೇರಿದರು.

ದೂರದ ಲೆಕ್ಕ

ಅಟ್ಲಾಸ್ ತೆರೆಯಿರಿ. ಮುಂಬಯಿಯ ಅಕ್ಷಾಂಶ 19.1°, ರೇಖಾಂಶ 72.85°. ಬಳ್ಳಾರಿಯದು 15.15° ಮತ್ತು 76.9°. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ಆದ್ದರಿಂದ ಉತ್ತರ-ದಕ್ಷಿಣ ಅಂತರ 3.95 × 111 = 438 ಕಿ.ಮೀ. ರೇಖಾಂಶಗಳು ಧ್ರುವದತ್ತ ಸಾಗಿದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ, ಸರಾಸರಿ ಅಕ್ಷಾಂಶವಾದ 17°ಯ ಕೊಸೈನ್‌ನಿಂದಲೂ ಗುಣಿಸಬೇಕು: 4.05 × 111 × 0.956 = 430 ಕಿ.ಮೀ. ಪೈಥಾಗೊರಸ್ ಪ್ರಮೇಯದಂತೆ ನೇರ ದೂರ ಸುಮಾರು 615 ಕಿ.ಮೀ. ಹೀಗೆಯೇ ಬಳ್ಳಾರಿಯಿಂದ ಮದ್ರಾಸಿಗೆ 430 ಕಿ.ಮೀ. ಒಟ್ಟು 1045. ಮುಂಬಯಿ-ಮದ್ರಾಸು ನೇರ ದೂರ ಸುಮಾರು 1040 ಕಿ.ಮೀ. ಅಂದರೆ ಬಳ್ಳಾರಿಯಲ್ಲಿ ಇಳಿದುದರಿಂದ ಹಾದಿ ಹೆಚ್ಚು ಕಡಿಮೆ ಉದ್ದವಾಗಲೇ ಇಲ್ಲ!

ಕಾಲದ ಲೆಕ್ಕ

ಆ ವಿಮಾನದ ವೇಗ ಗಂಟೆಗೆ ಸುಮಾರು 160 ಕಿ.ಮೀ. ಹಾರಾಟಕ್ಕೆ ಬೇಕಾದುದು ಆರೂವರೆ ಗಂಟೆ. ಎರಡು ಗಂಟೆಗೆ ಹೊರಟರೂ ಮದ್ರಾಸು ತಲುಪುವಾಗ ರಾತ್ರಿ ಎಂಟೂವರೆ. ಅಕ್ಟೋಬರಿನಲ್ಲಿ ಆರರ ಸುಮಾರಿಗೇ ಸೂರ್ಯಾಸ್ತ. ವಿಮಾನದಲ್ಲಿ ರೇಡಿಯೊ ಇರಲಿಲ್ಲ. ದಾರಿ ತೋರುವ ಸಾಧನಗಳು ನೆಲದ ಮೇಲೂ ಇರಲಿಲ್ಲ. ನದಿ, ರೈಲುಹಳಿಗಳನ್ನು ಕಣ್ಣಿನಿಂದ ಗುರುತಿಸಿ ಹಾರುವವರಿಗೆ ಕತ್ತಲೆಂದರೆ ಪ್ರಾಣಾಪಾಯ. ಬಳ್ಳಾರಿಯವರೆಗಿನ ಹಾರಾಟ ಮೂರು ಗಂಟೆ ಐವತ್ತು ನಿಮಿಷ. ಹೆಚ್ಚು ತಡವಿಲ್ಲದೆ ಹೊರಟರೆ ಬೆಳಕಿರುವಾಗಲೇ ಮುಗಿಯುವಂಥದು.

ಗಾಳಿಯ ಪಾತ್ರವನ್ನೂ ಗಮನಿಸಿ. ಗಂಟೆಗೆ 30 ಕಿ.ಮೀ. ಎದುರುಗಾಳಿ ಬೀಸಿದರೆ ನೆಲಕ್ಕೆ ಸಾಪೇಕ್ಷವಾದ ವೇಗ 130ಕ್ಕೆ ಇಳಿಯುತ್ತದೆ. ಬಳ್ಳಾರಿ ಸೇರಲು 53 ನಿಮಿಷ ಹೆಚ್ಚು ಬೇಕು. ಗಂಟೆಗೆ 800 ಕಿ.ಮೀ. ಸಾಗುವ ಜೆಟ್ ವಿಮಾನಕ್ಕೆ ಅದೇ ಗಾಳಿಯಿಂದ ಆಗುವ ವಿಳಂಬ ಎರಡು ನಿಮಿಷವೂ ಇಲ್ಲ.

ಆ ಜೆಟ್ ವಿಮಾನ ಮುಂಬಯಿಯಿಂದ ಚೆನ್ನೈಗೆ ಒಂದು ಗಂಟೆ ಹದಿನೆಂಟು ನಿಮಿಷದಲ್ಲಿ ಸೇರಬೇಕು. ವೇಳಾಪಟ್ಟಿಯಲ್ಲಿರುವುದು ಸುಮಾರು ಎರಡು ಗಂಟೆ. ನೆಲದ ಮೇಲಿನ ಓಟ, ಏರುವಿಕೆ, ಇಳಿಯುವಿಕೆ, ಸರದಿಗಾಗಿ ಕಾಯುವಿಕೆ ಉಳಿದ ಕಾಲವನ್ನು ತೆಗೆದುಕೊಳ್ಳುತ್ತವೆ. 1932ರಲ್ಲಿ ಇಡೀ ರಾತ್ರಿಯನ್ನು ನುಂಗಿದ ಕತ್ತಲೆ ಈಗ ಈ ಲೆಕ್ಕದಲ್ಲಿಲ್ಲ. ರೇಡಿಯೊ, ರಾಡಾರ್, ರನ್‌ವೇ ದೀಪಗಳು ಅದನ್ನು ಅಳಿಸಿವೆ. ದೂರ ಮಾತ್ರ ಅಂದಿನಷ್ಟೇ ಇದೆ.

ಹಂಸಭಾವಿಯ ವಿದ್ಯಾರ್ಥಿಗಳು ಹುಬ್ಬಳ್ಳಿ-ಬೆಂಗಳೂರು ನಿಲ್ದಾಣಗಳಿಗೆ ಇದೇ ಕ್ರಮ ಅನುಸರಿಸಿ ನೋಡಲಿ. ಉತ್ತರ 370 ಕಿ.ಮೀ. ಆಸುಪಾಸಿನಲ್ಲಿರಬೇಕು. ಬಳಿಕ ವೇಳಾಪಟ್ಟಿಯೊಡನೆ ಹೋಲಿಸಿ, ವ್ಯತ್ಯಾಸಕ್ಕೆ ಕಾರಣಗಳನ್ನು ಪಟ್ಟಿ ಮಾಡಲಿ.