ಗಯಾಶೀರ್ಷದಿಂದ ಎಡಿನ್‌ಬರೊವರೆಗೆ: ಎಲಿಯಟ್‌ನಲ್ಲಿ ಬುದ್ಧವಚನ

ನವ್ಯದ ದಿನಗಳಿಂದಲೂ ಟಿ. ಎಸ್. ಎಲಿಯಟ್ ಕನ್ನಡ ಓದುಗರಿಗೆ ಪರಿಚಿತ. 'ದಿ ವೇಸ್ಟ್ ಲ್ಯಾಂಡ್' (1922) ಎಂದೊಡನೆ ನಮಗೆ ನೆನಪಾಗುವುದು ಕೊನೆಯಲ್ಲಿ ಗುಡುಗುವ ಬೃಹದಾರಣ್ಯಕದ 'ದ'ಕಾರ. ಅದೇ ಕಾವ್ಯದ ನಡುವೆ ಇರುವ ಬುದ್ಧನ ಕಡೆಗೆ ನಮ್ಮ ಗಮನ ಹರಿದದ್ದು ಕಡಿಮೆ. ಆ ಬುದ್ಧ ಎಲಿಯಟ್‌ನ ನಾಟಕದಲ್ಲಿ ಇನ್ನೂ ಆಳಕ್ಕೆ ಇಳಿದಿದ್ದಾನೆ ಎಂಬುದು ನನ್ನ ವಾದ.

ಎಡ್ವಿನ್ ಆರ್ನಲ್ಡ್‌ನ 'ದಿ ಲೈಟ್ ಆಫ್ ಏಷ್ಯಾ' (1879) ಎಲಿಯಟ್ ಹುಡುಗನಾಗಿದ್ದಾಗಲೇ ಮೆಚ್ಚಿ ಓದಿದ ಕೃತಿ. ಮುಂದೆ ಹಾರ್ವರ್ಡ್‌ನಲ್ಲಿ ಚಾರ್ಲ್ಸ್ ಲ್ಯಾನ್‌ಮನ್ ಬಳಿ ಸಂಸ್ಕೃತ, ಪಾಲಿ ಕಲಿತ. ಜಪಾನಿನ ವಿದ್ವಾಂಸ ಮಸಾಹರು ಅನೆಸಾಕಿಯ ಬೌದ್ಧ ಉಪನ್ಯಾಸಗಳನ್ನು ಕೇಳಿದ. 'ದಿ ವೇಸ್ಟ್ ಲ್ಯಾಂಡ್'ನ ಮೂರನೆಯ ಭಾಗಕ್ಕೆ ಬುದ್ಧನ ಅಗ್ನಿ ಉಪದೇಶದ ಹೆಸರನ್ನೇ ಇಟ್ಟು, ಹೆನ್ರಿ ಕ್ಲಾರ್ಕ್ ವಾರನ್‌ನ 1896ರ ಅನುವಾದವನ್ನು ಟಿಪ್ಪಣಿಯಲ್ಲಿ ಸ್ಮರಿಸಿದ.

ಗಯಾಶೀರ್ಷದಲ್ಲಿ ಆ ಉಪದೇಶ ಕೇಳಿದವರು ಅಗ್ನಿಪೂಜೆ ಬಿಟ್ಟು ಬಂದ ಸಾವಿರ ಜಟಿಲರು, ಅಂದರೆ ಜಟಾಧಾರಿ ತಪಸ್ವಿಗಳು. ಕಣ್ಣು, ಕಿವಿ, ಮನಸ್ಸು ಎಲ್ಲವೂ ರಾಗ, ದ್ವೇಷ, ಮೋಹಗಳಲ್ಲಿ ಉರಿಯುತ್ತಿವೆ ಎಂದು ಬುದ್ಧ ಅವರಿಗೆ ಹೇಳಿದ. ಎಲಿಯಟ್‌ನ ಲಂಡನ್ನಿನಲ್ಲಿ ಆ ಉರಿ ಯಾವುದು? ಟೈಪಿಸ್ಟ್ ಹುಡುಗಿಯ ಕೋಣೆಗೆ ಗುಮಾಸ್ತನೊಬ್ಬ ಬಂದು ಹೋಗುತ್ತಾನೆ. ಅವಳು ತಲೆಗೂದಲು ನೇವರಿಸಿಕೊಂಡು ಗ್ರಾಮಫೋನಿಗೆ ಪ್ಲೇಟು ಹಾಕುತ್ತಾಳೆ. ವಿಮರ್ಶಕರು ಈ ದೃಶ್ಯವನ್ನು ಸಾಮಾನ್ಯವಾಗಿ ಕಾಮದ ಉರಿ ಎಂದೇ ಓದಿದ್ದಾರೆ. ಆದರೆ ಅವಳಲ್ಲಿ ರಾಗವೂ ಇಲ್ಲ, ದ್ವೇಷವೂ ಇಲ್ಲ. ಉಳಿದದ್ದು ಮೋಹ, ಅಂದರೆ ಕವಿದ ಮಂಕು. ಮೂರರಲ್ಲಿ ಹೊಗೆಯಾಡದೆ ಸುಡುವ ಬೆಂಕಿ ಅದೇ.

1949ರ ಆಗಸ್ಟ್‌ನಲ್ಲಿ ಎಡಿನ್‌ಬರೊ ಉತ್ಸವದಲ್ಲಿ ಎಲಿಯಟ್‌ನ ನಾಟಕ 'ದಿ ಕಾಕ್‌ಟೇಲ್ ಪಾರ್ಟಿ' ರಂಗಕ್ಕೆ ಬಂತು. ಮನೋವೈದ್ಯ ರೈಲಿಯ ಪಾತ್ರದಲ್ಲಿ ಆಲೆಕ್ ಗಿನ್ನೆಸ್. ತನ್ನಲ್ಲಿಗೆ ಬಂದವರನ್ನು ರೈಲಿ 'ಶಾಂತಿಯಿಂದ ಹೋಗಿ. ನಿಮ್ಮ ರಕ್ಷಣೆಯನ್ನು ಎಚ್ಚರದಿಂದ ಸಾಧಿಸಿಕೊಳ್ಳಿ' ಎಂದು ಹರಸಿ ಬೀಳ್ಕೊಡುತ್ತಾನೆ. ಈ ಹರಕೆಯ ಮೊದಲರ್ಧ ಕ್ರೈಸ್ತರದು. ಉತ್ತರಾರ್ಧ ಮಹಾಪರಿನಿಬ್ಬಾಣ ಸುತ್ತದಲ್ಲಿ ಬುದ್ಧ ಆಡಿದ ಕಡೆಯ ಮಾತಿನ ಇಂಗ್ಲಿಷ್ ರೂಪ. ಇಲ್ಲಿ ಸ್ವಲ್ಪ ನಿಲ್ಲಬೇಕು. ಪಾಲಿ ಮೂಲದಲ್ಲಿ 'ರಕ್ಷಣೆ' ಎಂಬ ಪದವೇ ಇಲ್ಲ. ಅದು ಬೈಬಲಿನಲ್ಲಿರುವ ಪೌಲನ ಪತ್ರದ ನುಡಿಗಟ್ಟಿನ ನೆರಳು. ಪೌಲನಲ್ಲಿ ಆ ಸಾಧನೆಗೆ ಜೊತೆಯಾಗುವುದು ಭಯ, ನಡುಕ. ಬುದ್ಧನಲ್ಲಿ ಅಪ್ಪಮಾದ. ಕನ್ನಡದಲ್ಲಿ ಪ್ರಮಾದವೆಂದರೆ ತಪ್ಪು ಎಂದಷ್ಟೇ ಉಳಿದಿದೆ. ಪಾಲಿಯಲ್ಲಿ ಅದು ಮೈಮರೆವು. ಅಪ್ಪಮಾದವೆಂದರೆ ಮೈಮರೆಯದ ಎಚ್ಚರ. ಟೈಪಿಸ್ಟಳ ಮಂಕಿಗೆ ಮದ್ದು ಇಪ್ಪತ್ತೇಳು ವರ್ಷಗಳ ನಂತರ ಈ ಒಂದು ಪದದಲ್ಲಿ ಸಿಕ್ಕಿತೆಂದು ನನಗನ್ನಿಸುತ್ತದೆ.

ಆ ವೇಳೆಗೆ ಎಲಿಯಟ್ ಆಂಗ್ಲಿಕನ್ ಚರ್ಚಿಗೆ ಸೇರಿ ಎರಡು ದಶಕ ದಾಟಿತ್ತು. ಆದರೂ ರೈಲಿಯ ಬಾಯಲ್ಲಿ ಪೌಲನ ನಡುಕವನ್ನು ಇಡಲಿಲ್ಲ. ಮುನಿಸಿಕೊಂಡ ಗಂಡಹೆಂಡಿರಾದ ಎಡ್ವರ್ಡ್, ಲವೀನಿಯಾರಿಗೂ, ಕಠಿಣ ದಾರಿ ಹಿಡಿದ ಸೀಲಿಯಾಳಿಗೂ ಒಂದೇ ಹರಕೆ. ಸೀಲಿಯಾ ದೂರದ ದ್ವೀಪದಲ್ಲಿ ರೋಗಿಗಳ ಆರೈಕೆ ಮಾಡುತ್ತಾ ಇರುವೆಗೂಡಿನ ಬಳಿ ಶಿಲುಬೆಗೇರಿ ಸಾಯುತ್ತಾಳೆ. ದಂಪತಿಗಳು ಲಂಡನ್ನಿನ ಮನೆಯಲ್ಲಿ ಮತ್ತೊಂದು ಪಾರ್ಟಿಗೆ ಸಜ್ಜಾಗುತ್ತಾರೆ. ಕರೆಗಂಟೆ ಬಾರಿಸುತ್ತದೆ.