ಫಿನಿಯಸ್ ಗೇಜ್ ಪ್ರಕರಣದ ಮರುಓದು: ಮೆದುಳಿನ ಮುಂಭಾಗ ಮತ್ತು ಮನುಷ್ಯನ ನಡತೆ

ಮೆದುಳಿಗೆ ಪೆಟ್ಟಾದರೆ ಮನುಷ್ಯನ ಸ್ವಭಾವವೇ ಬದಲಾಗಬಹುದು ಎಂದು ಹೇಳುವಾಗ ಮನಶ್ಶಾಸ್ತ್ರದ ಪಠ್ಯಪುಸ್ತಕಗಳು ಬಹುಕಾಲದಿಂದ ಒಬ್ಬನೇ ಸಾಕ್ಷಿಯನ್ನು ಕರೆಯುತ್ತ ಬಂದಿವೆ. ಅವನು ಅಮೆರಿಕದ ರೈಲುಹಾದಿಯ ಮೇಸ್ತ್ರಿ ಫಿನಿಯಸ್ ಗೇಜ್. ತಲೆಯೊಳಗಿಂದ ಕಬ್ಬಿಣದ ಹಾರೆ ತೂರಿಹೋದ ಮೇಲೆ ಅವನು ಒರಟನೂ ಹೊಣೆಗೇಡಿಯೂ ಆಗಿ ಅಲೆದಲೆದು ಸತ್ತ ಎಂಬುದು ಪ್ರಚಲಿತ ಕಥೆ. ಮೂಲ ದಾಖಲೆಗಳು ಹೇಳುವುದು ಬೇರೆ. ಸ್ವಭಾವ ಬದಲಾದ ಬಗ್ಗೆ ಅಲ್ಲಿರುವುದು ಕೆಲವೇ ಸಾಲು. ಅವನು ಮತ್ತೆ ಬದುಕು ಕಟ್ಟಿಕೊಂಡ ಬಗ್ಗೆಯೂ ಅಲ್ಲಿ ಮಾಹಿತಿ ಇದೆ, ಆದರೆ ಅದನ್ನು ಗಮನಿಸಿದವರು ವಿರಳ. ಮೆದುಳು ನಡತೆಯನ್ನು ರೂಪಿಸುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹೇಗೆ ರೂಪಿಸುತ್ತದೆ ಎಂದು ತಿಳಿಯುವ ಮೊದಲೇ ವೈದ್ಯರು ತೀರ್ಮಾನಕ್ಕೆ ಧಾವಿಸಿದರು, ಆ ಆತುರದ ಬೆಲೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ರೋಗಿಗಳು ತೆತ್ತರು ಎಂಬುದು ಈ ಲೇಖನದ ವಾದ.

ಘಟನೆ ನಡೆದದ್ದು 1848ರ ಸೆಪ್ಟೆಂಬರ್ 13ರ ಸಂಜೆ, ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಊರಿನ ಹತ್ತಿರ. ರಟ್ಲೆಂಡ್ ಅಂಡ್ ಬರ್ಲಿಂಗ್ಟನ್ ರೈಲುಹಾದಿಗಾಗಿ ಬಂಡೆ ಸಿಡಿಸುವ ಕೆಲಸ. ಬಂಡೆಯಲ್ಲಿ ಕುಳಿ ಕೊರೆದು, ಮದ್ದು ತುಂಬಿ, ಮೇಲೆ ಮರಳು ಹಾಕಿ, ಹಾರೆಯಿಂದ ಜಡಿಯಬೇಕು. ಇಪ್ಪತ್ತೈದರ ಗೇಜ್‌ ಜಡಿಯುತ್ತಿದ್ದಾಗ ಮದ್ದು ಹೊತ್ತಿಕೊಂಡಿತು. ಸುಮಾರು ಮೂರೂವರೆ ಅಡಿ ಉದ್ದದ, ಆರು ಕಿಲೋ ತೂಕದ ಹಾರೆ ಎಡಗೆನ್ನೆಯಿಂದ ಹೊಕ್ಕು, ಎಡಗಣ್ಣಿನ ಹಿಂದಿನಿಂದ ಹಾದು, ನೆತ್ತಿಯನ್ನು ಒಡೆದುಕೊಂಡು ಹೊರಬಿದ್ದು ದೂರಕ್ಕೆ ಹಾರಿತು. ಕೆಲವೇ ನಿಮಿಷಗಳಲ್ಲಿ ಗೇಜ್ ಮಾತಾಡಿದ, ಎತ್ತಿನ ಗಾಡಿಯಲ್ಲಿ ಕೂತೇ ಊರಿಗೆ ಬಂದ. ಚಿಕಿತ್ಸೆಯ ಹೊಣೆ ಹೊತ್ತವರು ಊರಿನ ಯುವ ವೈದ್ಯ ಜಾನ್ ಮಾರ್ಟಿನ್ ಹಾರ್ಲೋ. ಗಾಯ ಕೀವಾಯಿತು, ಎಡಗಣ್ಣಿನ ದೃಷ್ಟಿ ಹೋಯಿತು. ಆದರೂ ಸುಮಾರು ಹತ್ತು ವಾರಗಳಲ್ಲಿ ಅವನು ತನ್ನ ಮನೆ ಸೇರಿದ.

ಹಾರ್ಲೋ ಅದೇ ವರ್ಷ ಬಾಸ್ಟನ್ನಿನ ವೈದ್ಯಕೀಯ ಪತ್ರಿಕೆಗೆ ಚಿಕ್ಕ ವರದಿ ಬರೆದರು. ಅದರಲ್ಲಿದ್ದದ್ದು ದೇಹ ಚೇತರಿಸಿಕೊಂಡ ವಿವರ. ಹಾರ್ವರ್ಡಿನ ಶಸ್ತ್ರವೈದ್ಯ ಹೆನ್ರಿ ಬಿಗೆಲೋ ಗೇಜ್‌ನನ್ನು ಬಾಸ್ಟನ್ನಿಗೆ ಕರೆಸಿ ಪರೀಕ್ಷಿಸಿ, ಅವನು ದೇಹದಲ್ಲೂ ಬುದ್ಧಿಯಲ್ಲೂ ಬಹುಮಟ್ಟಿಗೆ ಸರಿಹೋಗಿದ್ದಾನೆ ಎಂದು 1850ರಲ್ಲಿ ಪ್ರಕಟಿಸಿದರು. ಬಿಗೆಲೋ ದೊಡ್ಡ ಹೆಸರು, ಹಾರ್ಲೋ ಹಳ್ಳಿಯ ಡಾಕ್ಟರ್. ಮೆದುಳಿನ ಒಂದೊಂದು ಜಾಗಕ್ಕೆ ಒಂದೊಂದು ಕೆಲಸ ಎಂಬುದನ್ನು ಒಪ್ಪದವರಿಗೆ ಗೇಜ್ ಒಳ್ಳೆಯ ಆಯುಧವಾದ. ಹಣೆಯ ಹಿಂದಿನ ಮೆದುಳು ಇಷ್ಟು ಹಾಳಾಗಿಯೂ ಏನೂ ಆಗಿಲ್ಲವಲ್ಲ ಎಂದು ಅವರು ಕೇಳಿದರು.

ಆಗಿನ ವಾದವಿವಾದದ ಹಿನ್ನೆಲೆಯನ್ನು ಇಲ್ಲಿ ನೆನೆಯಬೇಕು. ತಲೆಬುರುಡೆಯ ಉಬ್ಬುತಗ್ಗುಗಳನ್ನು ಮುಟ್ಟಿ ಗುಣ ಹೇಳುವ ಫ್ರೆನಾಲಜಿಯನ್ನು ವಿಯೆನ್ನಾದ ಫ್ರಾಂಜ್ ಜೋಸೆಫ್ ಗಾಲ್ ಹುಟ್ಟುಹಾಕಿದ್ದರು. ಬುರುಡೆಯ ಮಾತು ಸುಳ್ಳು, ಆದರೆ ಮೆದುಳಿನಲ್ಲಿ ಕೆಲಸಗಳು ಹಂಚಿಕೆಯಾಗಿವೆ ಎಂಬ ಅವರ ಊಹೆ ಪೂರ್ತಿ ಸುಳ್ಳಲ್ಲ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ, ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನ ಎಡ ಮುಂಭಾಗದ ಹಾಲೆಯಲ್ಲಿ ಗಾಯವನ್ನು ತೋರಿಸಿದರು. 1870ರಲ್ಲಿ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಸಿಗ್, ನಾಯಿಯ ಮೆದುಳಿನ ನಿರ್ದಿಷ್ಟ ಜಾಗಕ್ಕೆ ವಿದ್ಯುತ್ ಹಾಯಿಸಿದರೆ ನಿರ್ದಿಷ್ಟ ಅಂಗ ಅಲುಗುವುದನ್ನು ತೋರಿಸಿದರು. ಮಾತಿಗೂ ಚಲನೆಗೂ ಜಾಗ ಸಿಕ್ಕಿತು. ನಡತೆಗೆ?

ಹಾರ್ಲೋ ತಮ್ಮ ಎರಡನೆಯ ವರದಿಯನ್ನು ಮಂಡಿಸಿದ್ದು 1868ರಲ್ಲಿ, ಮ್ಯಾಸಚೂಸೆಟ್ಸ್ ವೈದ್ಯಕೀಯ ಸಂಘದ ಮುಂದೆ. ಅಷ್ಟು ಹೊತ್ತಿಗೆ ಗೇಜ್ ತೀರಿಕೊಂಡಿದ್ದ. ಕುಟುಂಬದವರ ಒಪ್ಪಿಗೆಯಿಂದ ಸಮಾಧಿ ತೆರೆದು ತರಿಸಿದ ತಲೆಬುರುಡೆಯೂ ಆ ಹಾರೆಯೂ ಹಾರ್ಲೋ ಕೈಯಲ್ಲಿದ್ದವು. ಅವೆರಡನ್ನೂ ಹಾರ್ವರ್ಡಿನ ವಾರೆನ್ ಅಂಗರಚನಾ ಸಂಗ್ರಹಾಲಯಕ್ಕೆ ಅವರು ಒಪ್ಪಿಸಿದರು. ಸ್ವಭಾವದ ಬದಲಾವಣೆಯನ್ನು ಹಾರ್ಲೋ ವಿವರವಾಗಿ ಹೇಳುವುದು ಈ ವರದಿಯಲ್ಲೇ. ಅಪಘಾತಕ್ಕೆ ಮುಂಚೆ ಗುತ್ತಿಗೆದಾರರು ಮೆಚ್ಚಿದ ದಕ್ಷ ಮೇಸ್ತ್ರಿಯಾಗಿದ್ದವನು ಆಮೇಲೆ ಚಂಚಲನೂ ಹಟಮಾರಿಯೂ ಆದ, ಕೆಟ್ಟ ಮಾತಾಡತೊಡಗಿದ, ಯೋಜನೆಗಳನ್ನು ಹಾಕಿ ಹಾಕಿ ಕೈಬಿಡುತ್ತಿದ್ದ, ಹಳೆಯ ಕೆಲಸ ಮತ್ತೆ ಸಿಗಲಿಲ್ಲ, ಇವನು ನಾವು ಕಂಡ ಗೇಜ್ ಅಲ್ಲ ಎಂದು ಸ್ನೇಹಿತರಿಗೆ ಅನ್ನಿಸಿತು ಎಂಬುದು ಅದರ ಸಾರ. ಬುದ್ಧಿಗೂ ಪಶುಪ್ರವೃತ್ತಿಗೂ ನಡುವಿನ ಸಮತೋಲ ಕೆಟ್ಟಿತು ಎಂದು ಹಾರ್ಲೋ ವಿವರಿಸುವ ರೀತಿಯಲ್ಲಿ ಫ್ರೆನಾಲಜಿಯ ನೆರಳು ಎದ್ದು ಕಾಣುತ್ತದೆ. ಅವರು ಕಂಡದ್ದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಕಂಡದ್ದನ್ನು ಹೇಳಲು ಅವರಿಗೆ ಸಿಕ್ಕ ಭಾಷೆ ಮೊದಲೇ ಸಿದ್ಧವಾಗಿತ್ತು.

ಗೇಜ್‌ನನ್ನು ಇನ್ನೊಂದು ಪಕ್ಷಕ್ಕೆ ಕರೆತಂದವರು ಬ್ರಿಟನ್ನಿನ ಡೇವಿಡ್ ಫೆರಿಯರ್. ಕೋತಿಗಳ ಮೆದುಳಿನ ತೀರಾ ಮುಂಭಾಗವನ್ನು ತೆಗೆದಾಗ ಅವು ನಡೆದಾಡುತ್ತವೆ, ನೋಡುತ್ತವೆ, ಕೇಳುತ್ತವೆ, ಆದರೆ ಸುತ್ತಲಿನದನ್ನು ಗಮನವಿಟ್ಟು ಗ್ರಹಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ ಎಂದು ಅವರು ಕಂಡಿದ್ದರು. 1878ರಲ್ಲಿ ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನಲ್ಲಿ ಕೊಟ್ಟ ಗೂಲ್‌ಸ್ಟೋನಿಯನ್ ಉಪನ್ಯಾಸಗಳಲ್ಲಿ ಅವರು ಹಾರ್ಲೋ ವರದಿಯನ್ನು ಮುಂದಿಟ್ಟರು. ಏನೂ ಆಗಿಲ್ಲ ಎಂಬುದಕ್ಕೆ ಸಾಕ್ಷಿಯಾಗಿದ್ದವನು ಅಂದಿನಿಂದ ಎಲ್ಲವೂ ಬದಲಾಯಿತು ಎಂಬುದಕ್ಕೆ ಸಾಕ್ಷಿಯಾದ. ರೋಗಿ ಅವನೇ, ಬುರುಡೆ ಅದೇ. ಓದಿದ ಪುಟಗಳು ಮಾತ್ರ ಬೇರೆ.

ಗೇಜ್ ಪ್ರಕರಣವೇ ಮುಂದೆ ಲೋಬಾಟಮಿಗೆ, ಅಂದರೆ ಮನೋರೋಗಕ್ಕೆಂದು ಮೆದುಳಿನ ಮುಂಭಾಗದ ನರತಂತುಗಳನ್ನು ಕಡಿಯುವ ಶಸ್ತ್ರಚಿಕಿತ್ಸೆಗೆ, ದಾರಿ ಮಾಡಿತು ಎಂಬ ಮಾತನ್ನು ಹಲವರು ಬರೆದಿದ್ದಾರೆ. ಅದಕ್ಕೆ ದಾಖಲೆಯ ಬಲವಿಲ್ಲ ಎಂದು ತೋರಿಸಿದವರು ಆಸ್ಟ್ರೇಲಿಯಾದ ಇತಿಹಾಸಕಾರ ಮಾಲ್ಕಮ್ ಮ್ಯಾಕ್‌ಮಿಲನ್. ಶಸ್ತ್ರಚಿಕಿತ್ಸೆಯ ದಾರಿ ಬೇರೆಯಾಗಿತ್ತು, ಆದರೆ ಅದೂ ಇಷ್ಟೇ ತೆಳುವಾದ ಆಧಾರದ ಮೇಲೆ ನಿಂತಿತ್ತು. 1888ರಲ್ಲಿ ಸ್ವಿಟ್ಜರ್‌ಲೆಂಡಿನ ಗಾಟ್‌ಲೀಬ್ ಬುರ್ಕ್‌ಹಾರ್ಟ್, ಆರು ಮಂದಿ ಮನೋರೋಗಿಗಳ ಮೆದುಳಿನ ತೊಗಟೆಯಿಂದ ಅಲ್ಲಲ್ಲಿ ತುಂಡುಗಳನ್ನು ತೆಗೆಯುವ ಪ್ರಯೋಗ ಶುರುಮಾಡಿದರು. ಒಬ್ಬ ರೋಗಿ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಸತ್ತ. ಸಹವೈದ್ಯರು ಮುಖ ತಿರುಗಿಸಿದರು, ಪ್ರಯೋಗ ನಿಂತಿತು.

1935ರಲ್ಲಿ ಲಂಡನ್ನಿನಲ್ಲಿ ಎರಡನೆಯ ಅಂತಾರಾಷ್ಟ್ರೀಯ ನರವಿಜ್ಞಾನ ಸಮ್ಮೇಳನ ನಡೆಯಿತು. ಅಲ್ಲಿ ತಮ್ಮ ಪ್ರಯೋಗವನ್ನು ಮಂಡಿಸಿದ ಯೇಲ್ ವಿಶ್ವವಿದ್ಯಾಲಯದ ಜಾನ್ ಫುಲ್ಟನ್ ಮತ್ತು ಕಾರ್ಲೈಲ್ ಜೇಕಬ್‌ಸನ್, ಬೆಕಿ ಮತ್ತು ಲೂಸಿ ಎಂಬ ಎರಡು ಚಿಂಪಾಂಜಿಗಳ ಮುಂಭಾಗದ ಹಾಲೆಗಳನ್ನು ತೆಗೆದಿದ್ದರು. ಅವರು ಪರೀಕ್ಷಿಸುತ್ತಿದ್ದದ್ದು ನೆನಪಿನ ಶಕ್ತಿಯನ್ನು. ಮೊದಲು ಉತ್ತರ ತಪ್ಪಿದರೆ ರಂಪ ಮಾಡುತ್ತಿದ್ದ ಬೆಕಿ, ಶಸ್ತ್ರಚಿಕಿತ್ಸೆಯ ಮೇಲೆ ಎಷ್ಟು ತಪ್ಪಿದರೂ ತಣ್ಣಗಿತ್ತು. ಎಲ್ಲರ ನೆನಪಿನಲ್ಲಿ ಉಳಿದದ್ದು ಇದು. ಆದರೆ ಮೊದಲು ಶಾಂತವಾಗಿದ್ದ ಲೂಸಿ ಆಮೇಲೆ ಸಿಡಿಮಿಡಿಗೊಳ್ಳತೊಡಗಿತ್ತು. ಎರಡು ಪ್ರಾಣಿಗಳು, ಎರಡು ವಿರುದ್ಧ ಫಲಿತಾಂಶಗಳು, ಅವುಗಳಲ್ಲಿ ಒಂದರ ಕಥೆ ಮಾತ್ರ ಹರಡಿತು. ಈ ಇತಿಹಾಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ ಇದು. ಲೂಸಿಯ ಬಗ್ಗೆ ಯಾರೂ ಮುಚ್ಚಿಟ್ಟಿರಲಿಲ್ಲ. ಕೇಳುವ ವ್ಯವಧಾನ ಇರಲಿಲ್ಲ.

ಆ ಸಮ್ಮೇಳನದಲ್ಲಿದ್ದ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಅದೇ ವರ್ಷದ ನವೆಂಬರಿನಲ್ಲಿ, ಶಸ್ತ್ರವೈದ್ಯ ಅಲ್ಮೇಡಾ ಲಿಮಾ ಅವರ ಕೈಯಿಂದ, ಲಿಸ್ಬನ್ನಿನಲ್ಲಿ ಮೊದಲ ಶಸ್ತ್ರಚಿಕಿತ್ಸೆ ಮಾಡಿಸಿದರು. ನರಕೋಶಗಳ ನಡುವಿನ ಸಂಪರ್ಕಗಳು ಗಟ್ಟಿಯಾಗಿ ಕಟ್ಟಿಕೊಂಡು ಒಂದೇ ಯೋಚನೆ ಮತ್ತೆ ಮತ್ತೆ ಸುತ್ತುತ್ತದೆ, ಹಣೆಯ ಹಿಂದಿನ ಬಿಳಿಯ ನರತಂತುಗಳನ್ನು ಕಡಿದರೆ ಆ ಸುತ್ತು ತಪ್ಪುತ್ತದೆ ಎಂಬುದು ಅವರ ಊಹೆ. ಮೊದಲು ಆಲ್ಕೊಹಾಲ್ ಚುಚ್ಚಿದರು, ಆಮೇಲೆ ತಂತಿಯ ಕುಣಿಕೆಯುಳ್ಳ ಉಪಕರಣದಿಂದ ಕಡಿದರು. 1936ರಲ್ಲಿ ಇಪ್ಪತ್ತು ರೋಗಿಗಳ ಫಲಿತಾಂಶ ಪ್ರಕಟವಾಯಿತು: ಏಳು ಮಂದಿ ಗುಣಮುಖ, ಏಳು ಮಂದಿಗೆ ಸುಧಾರಣೆ, ಆರು ಮಂದಿ ಹಾಗೆಯೇ. ರೋಗಿಗಳ ಮೇಲೆ ನಿಗಾ ಇಟ್ಟ ಅವಧಿ ತೀರಾ ಚಿಕ್ಕದು. ರೋಗಿಗಳನ್ನು ಕಳಿಸಿಕೊಟ್ಟಿದ್ದ ಮನೋವೈದ್ಯ ಸೊಬ್ರಾಲ್ ಸಿದ್ ಫಲಿತಾಂಶವನ್ನು ಒಪ್ಪಲಿಲ್ಲ, ಮುಂದೆ ರೋಗಿಗಳನ್ನು ಕೊಡಲೂ ಇಲ್ಲ. 1949ರಲ್ಲಿ ಮೊನಿಜ್ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಅಮೆರಿಕದಲ್ಲಿ ವಾಲ್ಟರ್ ಫ್ರೀಮನ್ ಮತ್ತು ಜೇಮ್ಸ್ ವಾಟ್ಸ್ 1936ರಲ್ಲೇ ಇದನ್ನು ಆರಂಭಿಸಿ ಲೋಬಾಟಮಿ ಎಂದು ಹೆಸರಿಟ್ಟರು. 1946ರಿಂದ ಫ್ರೀಮನ್ ಕಣ್ಣುಗುಡ್ಡೆಯ ಮೇಲಿನ ತೆಳು ಎಲುಬಿನ ಮೂಲಕವೇ ಮೊನಚು ಸಲಾಕೆ ತೂರಿಸುವ ವಿಧಾನ ಹಿಡಿದರು. ಶಸ್ತ್ರವೈದ್ಯರಾಗಿದ್ದ ವಾಟ್ಸ್ ಇದನ್ನು ಒಪ್ಪದೆ ದೂರವಾದರು. ಫ್ರೀಮನ್ ಕೈಯಲ್ಲಿ ಸುಮಾರು 3,500 ಮಂದಿಗೆ, ದೇಶದಲ್ಲಿ ಒಟ್ಟು ಹತ್ತಾರು ಸಾವಿರ ಮಂದಿಗೆ ಈ ಚಿಕಿತ್ಸೆಯಾಯಿತು. ಹಲವರು ಶಾಂತರಾದರು, ನಿಜ. ಜೊತೆಗೆ ಆಸಕ್ತಿ, ಮುಂದಾಲೋಚನೆ, ತಾವಾಗಿ ಒಂದು ಕೆಲಸಕ್ಕೆ ಕೈಹಾಕುವ ಸ್ವಭಾವ ಎಲ್ಲವೂ ಹೋದವು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯ ತಂಗಿ ರೋಸ್‌ಮೇರಿ 1941ರಲ್ಲಿ ಈ ಚಿಕಿತ್ಸೆಗೆ ಒಳಗಾಗಿ ಜೀವನಪರ್ಯಂತ ಪರಾವಲಂಬಿಯಾದರು.

ಈ ಅಲೆ ಬೆಂಗಳೂರಿಗೂ ಬಂತು. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿ, ಶಸ್ತ್ರವೈದ್ಯ ಡಾ. ಬಾಲಕೃಷ್ಣ ರಾವ್ ಅವರೊಡನೆ ಇಲ್ಲಿ ನಡೆಸಿದ ಲ್ಯೂಕಾಟಮಿಗಳ (ಲೋಬಾಟಮಿಯ ಇನ್ನೊಂದು ಹೆಸರು) ಬಗ್ಗೆ 1944ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಇವತ್ತಿನ ಕಣ್ಣಿನಿಂದ ಅವರನ್ನು ತೂಗುವುದು ಅನ್ಯಾಯ. ಸ್ಕಿಜೋಫ್ರೇನಿಯಾಕ್ಕೆ ಆಗ ಔಷಧಿ ಇರಲಿಲ್ಲ. ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಕಾರ್ಡಿಯಜೋಲ್‌ನಿಂದಲೋ ವಿದ್ಯುತ್ತಿನಿಂದಲೋ ಸೆಳವು ಬರಿಸುವುದು, ಇಲ್ಲವೆ ವಾರ್ಡಿನಲ್ಲಿ ಇಟ್ಟುಕೊಳ್ಳುವುದು, ಇಷ್ಟೇ ದಾರಿ. ಅದೇ ಗೋವಿಂದಸ್ವಾಮಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದರು. 1974ರಲ್ಲಿ ಆ ಸಂಸ್ಥೆಯೂ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಮನಸ್ಸಿನ ವೈದ್ಯರೂ ನರಗಳ ವೈದ್ಯರೂ ಒಂದೇ ಆವರಣದಲ್ಲಿ ಕೆಲಸ ಮಾಡುವ ಏರ್ಪಾಡಿಗೆ ಬುನಾದಿ ಬಿದ್ದದ್ದು ಆ ಪೀಳಿಗೆಯಿಂದ.

1950ರಲ್ಲಿ ಸೋವಿಯತ್ ಒಕ್ಕೂಟ ಲ್ಯೂಕಾಟಮಿಯನ್ನು ನಿಷೇಧಿಸಿತು. 1952ರಲ್ಲಿ ಪ್ಯಾರಿಸ್ಸಿನ ಡಿಲೇ ಮತ್ತು ಡೆನಿಕರ್ ಮನೋರೋಗಿಗಳಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಬಳಸಿ ಫಲ ಕಂಡರು. ಕತ್ತಿ ಹಿಂದೆ ಸರಿಯಿತು.

ಮುಂಭಾಗದ ಹಾಲೆ ನಿಜವಾಗಿ ಏನು ಮಾಡುತ್ತದೆ ಎಂಬುದು ತಿಳಿಯತೊಡಗಿದ್ದು ಇದೆಲ್ಲ ಆದ ಮೇಲೆ. ಮಾಂಟ್ರಿಯಲ್ಲಿನ ಬ್ರೆಂಡಾ ಮಿಲ್ನರ್ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳು ಬಣ್ಣ, ಆಕಾರ, ಸಂಖ್ಯೆಗಳಲ್ಲಿ ಯಾವುದಾದರೂ ಒಂದರ ಪ್ರಕಾರ ಕಾರ್ಡುಗಳನ್ನು ವಿಂಗಡಿಸಬೇಕಿತ್ತು. ನಿಯಮ ಯಾವುದೆಂದು ಯಾರೂ ಹೇಳುವುದಿಲ್ಲ, ಸರಿ ಅಥವಾ ತಪ್ಪು ಎಂದಷ್ಟೇ ಹೇಳುತ್ತಾರೆ. ಹತ್ತು ಸಲ ಸರಿಯಾದರೆ ಸದ್ದಿಲ್ಲದೆ ನಿಯಮ ಬದಲಾಗುತ್ತದೆ. ಮುಂಭಾಗದ ಹಾಲೆಗೆ ಹಾನಿಯಾದವರು ತಪ್ಪು ಎಂದು ಕೇಳಿಸಿಕೊಂಡೂ ಹಳೆಯ ನಿಯಮಕ್ಕೇ ಅಂಟಿಕೊಂಡರು. ಬುದ್ಧಿಮತ್ತೆಯ ಸಾಮಾನ್ಯ ಪರೀಕ್ಷೆಗಳಲ್ಲಿ ಅವರ ಅಂಕ ಅಷ್ಟಾಗಿ ಕುಸಿದಿರಲಿಲ್ಲ. ಗೊತ್ತಿರುವುದು ಬೇರೆ, ಗೊತ್ತಿರುವುದರಂತೆ ನಡೆಯುವುದು ಬೇರೆ, ಎರಡನ್ನೂ ಕೂಡಿಸುವ ನರಜಾಲ ಕೆಡಬಲ್ಲದು ಎಂಬುದು ಇದರಿಂದ ಸ್ಪಷ್ಟವಾಯಿತು. ಬಿಗೆಲೋ ಗೇಜ್‌ನಲ್ಲಿ ದೋಷ ಕಾಣದಿದ್ದದ್ದೂ ಹಾರ್ಲೋ ಕಂಡದ್ದೂ ಏಕಕಾಲಕ್ಕೆ ನಿಜವಿರಬಹುದು. ಎದುರು ಕೂರಿಸಿ ಪ್ರಶ್ನೆ ಕೇಳಿದರೆ ಸಿಗುವ ಉತ್ತರದಲ್ಲಿ ಈ ಬಗೆಯ ಕೊರತೆ ಕಾಣುವುದಿಲ್ಲ. ದಿನನಿತ್ಯದ ವ್ಯವಹಾರದಲ್ಲಿ ಕಾಣುತ್ತದೆ.

1994ರಲ್ಲಿ ಅಯೋವಾದ ಬೆಚಾರಾ, ಡಮಾಸಿಯೊ ಮತ್ತಿತರರು ನಾಲ್ಕು ಕಟ್ಟು ಇಸ್ಪೀಟೆಲೆಗಳ ಆಟವೊಂದನ್ನು ರೂಪಿಸಿದರು. ಎರಡು ಕಟ್ಟುಗಳಲ್ಲಿ ಲಾಭ ದೊಡ್ಡದು, ನಷ್ಟ ಇನ್ನೂ ದೊಡ್ಡದು. ಉಳಿದೆರಡರಲ್ಲಿ ಲಾಭ ಚಿಕ್ಕದು, ಕೊನೆಗೆ ಉಳಿತಾಯ. ಆರೋಗ್ಯವಂತರು ಅಪಾಯದ ಕಟ್ಟಿಗೆ ಕೈಚಾಚುವ ಮೊದಲೇ ಅವರ ಅಂಗೈ ಸಣ್ಣಗೆ ಬೆವರುವುದನ್ನು ಮುಂದಿನ ಪ್ರಯೋಗಗಳಲ್ಲಿ ಉಪಕರಣ ದಾಖಲಿಸಿತು. ಮುಂಭಾಗದ ಕೆಳ ಒಳಬದಿಗೆ ಹಾನಿಯಾದವರಲ್ಲಿ ಆ ಎಚ್ಚರಿಕೆ ಇರಲಿಲ್ಲ, ಅವರು ಸೋಲುತ್ತಲೇ ಹೋದರು. ಈ ಫಲಿತಾಂಶಕ್ಕೆ ಡಮಾಸಿಯೊ ಕೊಟ್ಟ ಅರ್ಥವಿವರಣೆಯನ್ನು ಎಲ್ಲರೂ ಒಪ್ಪಿಲ್ಲ. ಭಾವನೆ, ದೇಹ, ತೀರ್ಮಾನ ಈ ಮೂರೂ ಬೇರೆ ಬೇರೆ ಖಾನೆಗಳಲ್ಲಿಲ್ಲ ಎಂಬಷ್ಟು ಮಾತ್ರ ಗಟ್ಟಿಯಾಗಿದೆ.

ಗೇಜ್‌ನ ಬುರುಡೆಯನ್ನೂ ಮತ್ತೆ ಮತ್ತೆ ಅಳೆದರು. ಹ್ಯಾನಾ ಡಮಾಸಿಯೊ ತಂಡ 1994ರಲ್ಲಿ ಎರಡೂ ಬದಿಯ ಹಾಲೆಗಳಿಗೆ ಹಾನಿಯಾಗಿತ್ತು ಎಂದಿತು. 2004ರ ಮರುಪರೀಕ್ಷೆ ಎಡಬದಿಗೆ ಮಾತ್ರ ಎಂದಿತು. 2012ರಲ್ಲಿ ಜಾನ್ ವ್ಯಾನ್ ಹಾರ್ನ್ ತಂಡ ಗಮನವನ್ನು ತೊಗಟೆಯಿಂದ ತಂತುಗಳ ಕಡೆಗೆ ತಿರುಗಿಸಿತು. ಅವರ ಲೆಕ್ಕದಲ್ಲಿ ಹಾನಿಯಾದ ತೊಗಟೆ ಶೇ. 4ರಷ್ಟು, ಬಿಳಿ ದ್ರವ್ಯ ಶೇ. 11ರಷ್ಟು. ಅಂದರೆ ಹಾರೆ ಕಡಿದದ್ದು ಒಂದು ಜಾಗವನ್ನಷ್ಟೇ ಅಲ್ಲ, ದೂರದೂರದ ಜಾಗಗಳ ನಡುವಿನ ಸಂಪರ್ಕವನ್ನು.

ಈಗ ಹಾರ್ಲೋ ವರದಿಯ ಕಡೆಗಣಿಸಿದ ಭಾಗಕ್ಕೆ ಬರೋಣ. ಗೇಜ್ ನ್ಯೂಹ್ಯಾಂಪ್‌ಶೈರಿನ ಕುದುರೆ ಲಾಯವೊಂದರಲ್ಲಿ ಸುಮಾರು ಒಂದೂವರೆ ವರ್ಷ ದುಡಿದ. 1852ರಲ್ಲಿ ಚಿಲಿಗೆ ಹೋಗಿ ಏಳೆಂಟು ವರ್ಷ ಅಲ್ಲಿದ್ದು, ವಾಲ್ಪರೈಸೊ ಕಡೆಯ ಪ್ರಯಾಣಿಕರ ಸಾರೋಟು ಓಡಿಸಿದ. ಪರದೇಶ, ಗೊತ್ತಿಲ್ಲದ ಭಾಷೆ, ಹಲವು ಕುದುರೆಗಳ ಲಗಾಮು, ಹೊತ್ತಿಗೆ ಸರಿಯಾಗಿ ಹೊರಡಬೇಕು, ಪ್ರಯಾಣಿಕರೊಡನೆ ಹೊಂದಿಕೊಳ್ಳಬೇಕು. ಹೊಣೆಗೇಡಿಯೊಬ್ಬ ವರ್ಷಗಟ್ಟಲೆ ಮಾಡುವ ಕೆಲಸ ಇದಲ್ಲ. ಚಿಲಿಯಲ್ಲಿ ಅವನನ್ನು ಬಲ್ಲ ವೈದ್ಯರೊಬ್ಬರು ಅವನ ಬುದ್ಧಿಗೆ ಯಾವ ಕುಂದೂ ಇರಲಿಲ್ಲ ಎಂದು ಹೇಳಿದ್ದ ದಾಖಲೆ 2008ರ ಸುಮಾರಿಗೆ ಬೆಳಕಿಗೆ ಬಂತು. ದಿನವೂ ಅದೇ ಕ್ರಮದಲ್ಲಿ ಸಾಗುವ ಕೆಲಸವೇ ಅವನಿಗೆ ಒಂದು ಬಗೆಯ ಪುನಶ್ಚೇತನ ಚಿಕಿತ್ಸೆಯಾಯಿತು ಎಂಬುದು ಮ್ಯಾಕ್‌ಮಿಲನ್ ಅವರ ವಾದ. ಸೋವಿಯತ್ ನರಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ, ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಕೆಲಸವನ್ನು ಹಂತಹಂತವಾಗಿ ಒಡೆದುಕೊಟ್ಟು, ಒಳಗೆ ಕೆಟ್ಟ ಕ್ರಮವನ್ನು ಹೊರಗಿನಿಂದ ಒದಗಿಸುವ ವಿಧಾನ ಬೆಳೆಸಿದ್ದರು. ಗೇಜ್‌ಗೆ ಅದು ಯಾವ ವೈದ್ಯರ ಯೋಜನೆಯೂ ಇಲ್ಲದೆ ದೊರಕಿತ್ತು.

ಹಾಗಾದರೆ ಕೆಲಸದಿಂದ ಕೆಲಸಕ್ಕೆ ಅಲೆದ ಗೇಜ್ ಎಲ್ಲಿಂದ ಬಂದ? ಹಾರ್ಲೋ ವರದಿಯ ಕೊನೆಯ ಭಾಗದಿಂದ. 1859ರಲ್ಲಿ ಆರೋಗ್ಯ ಕೆಟ್ಟು ಅವನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ತಾಯಿಯ ಬಳಿಗೆ ಬಂದ. ಅಲ್ಲಿ ಹೊಲಗೆಲಸಕ್ಕೆ ಸೇರಿದ ಮೇಲೆ ಫಿಟ್ಸ್ ಶುರುವಾಯಿತು. ಒಂದೆಡೆ ನಿಲ್ಲಲಾರದೆ ಕೆಲಸ ಬದಲಿಸಿದ್ದು ಅದರ ನಂತರದ ಕೆಲವೇ ತಿಂಗಳುಗಳಲ್ಲಿ. ಹಾರ್ಲೋ ಅವನ ಸಾವಿನ ವರ್ಷವನ್ನು 1861 ಎಂದು ಬರೆದಿದ್ದರು, ಅಂತ್ಯಕ್ರಿಯೆಯ ದಾಖಲೆಯಲ್ಲಿರುವುದು 1860ರ ಮೇ ತಿಂಗಳು. ಆ ಒಂದು ವರ್ಷವನ್ನು ತಿದ್ದಿದರೆ ಅಲೆದಾಟದ ಅವಧಿ 1860ರ ಮೊದಲ ತಿಂಗಳುಗಳಿಗೆ ಸೀಮಿತವಾಗುತ್ತದೆ. ಅಪಘಾತದ ನಂತರದ ಹೆಚ್ಚುಕಡಿಮೆ ಹನ್ನೆರಡು ವರ್ಷಗಳಲ್ಲಿ ಬಹುಪಾಲನ್ನು ಗೇಜ್ ದುಡಿಯುತ್ತಲೇ ಕಳೆದಿದ್ದ.